ಪರದೆಯ ನಾಲ್ಕು ತುಂಡು

ಮೇ 11, ಶನಿವಾರ. ಬೆಳಿಗ್ಗೆ 5.30

ಡಿಕ್ಕಿ ತುಂಬಿಸಿದ್ದಾಯ್ತು. ಅತ್ತೆಯ ದಿಂಬು, ಮಗಳ ವಾಂತಿ ಮಾತ್ರೆ, ಇವರ ಮೂರು ಜೊತೆ ಚಪ್ಪಲಿ. ಎರಡು ದಿನಕ್ಕೆ ಮೂರು ಜೊತೆ, ಏನು ಮದುವೆ ಗಂಡೋ! ಹೊಲಿಯೋದಕ್ಕೆ ಸ್ಕೂಲ್ ಯೂನಿಫಾರ್ಮ್ ಇನ್ನೂ ಹನ್ನೊಂದು ಬಾಕಿ. ಬಂದ ಮೇಲೆ ನೋಡಿಕೊಂಡರಾಯ್ತು.

ಅತ್ತೆಯ ತಂಗಿ ಮನೆಗೆ ನೆಟ್ಟಗೆ ದಾರಿ ಇದೆ. ಅದು ಬಿಟ್ಟು ಸರೋವರ ನೋಡಿಕೊಂಡು ಹೋಗೋಣ ಅಂತ ಎರಡು ವಾರ ಇವರ ತಲೆ ತಿಂದೆ. ಬೋಟಿಂಗ್ ಇದೆಯಂತೆ, ತಂಪಂತೆ... ಸರೋವರ ಯಾರಿಗೆ ಬೇಕು. ಆ ಊರಲ್ಲಿ ಸೂಜಿ ಇದ್ದಾಳೆ. ಬರ್ತೀನಿ ಅಂತ ಅವಳಿಗೆ ಫೋನೂ ಮಾಡಿದ್ದೇನೆ.

ಅವಳು ಸೂಜಿ, ನಾನು ಕತ್ತರಿ. ಪರದೆ ಹೊಲಿಯೋ ಅಂಗಡಿಯಲ್ಲಿ ಇಬ್ಬರಿಗೂ ಬಿದ್ದ ಹೆಸರು. ಬಟ್ಟೆ ಕತ್ತರಿಸೋದು ನಾನು, ಹೊಲಿಯೋದು ಅವಳು. ಒಂದೇ ಡಬ್ಬಿಯಲ್ಲಿ ಉಂಡವಳು ನನ್ನ ಹೊಟ್ಟೆ ಮೇಲೆ ಹೊಡೆದಳು. ಹನ್ನೆರಡು ವರ್ಷ ಆಯ್ತು. ಇವತ್ತು ಮುಖ ನೋಡಬೇಕು ಅವಳದ್ದು.

ಅದೇ ದಿನ, 9.40. ಹೆದ್ದಾರಿ ಪಕ್ಕ

ಮಗಳಿಗೆ ವಾಂತಿ. ಕಾರು ನಿಂತಿದೆ. ಅತ್ತೆ ಶುರು ಹಚ್ಚಿಕೊಂಡರು — ಇವರ ಅಂಗಿಯ ಗುಂಡಿ ಕಿತ್ತಿದೆಯಂತೆ, “ಅಷ್ಟು ದೊಡ್ಡ ಪರದೆ ಕೆಡಿಸಿದವಳಿಗೆ ಗುಂಡಿ ಯಾವ ಲೆಕ್ಕ” ಅಂತ. ವರ್ಷಕ್ಕೆ ಹತ್ತು ಸಲವಾದರೂ ಈ ಮಾತು. ಇವರು ಸ್ಟೇರಿಂಗ್ ಹಿಡಿದು ಕಿವುಡರಾದರು.

ನಾನು ಕೆಡಿಸಲಿಲ್ಲ. ವೆಲ್ವೆಟ್ಟನ್ನ ಒಂದು ಕಡೆಗೆ ಸವರಿದರೆ ನುಣುಪು, ಎದುರು ಕಡೆಗೆ ಸವರಿದರೆ ಒರಟು. ಪರದೆಯ ಒಂದು ತುಂಡು ತಲೆಕೆಳಗಾದರೂ ಸಾಕು, ಸ್ಟೇಜ್ ಲೈಟ್ ಬಿದ್ದ ಕೂಡಲೇ ಅದೊಂದೇ ಬೇರೆ ಬಣ್ಣ ಕಾಣುತ್ತೆ. ಅದಕ್ಕೇ ಕತ್ತರಿಸಿದವಳು ಪ್ರತಿ ತುಂಡಿನ ಹಿಂದೆ ಚಾಕ್‌ಪೀಸಿನಲ್ಲಿ ಬಾಣ ಹಾಕಬೇಕು, ಹೊಲಿಯೋಳು ಬಾಣ ನೋಡಿ ಹೊಲಿಯಬೇಕು. ಹದಿನಾರು ತುಂಡಿಗೂ ಹಾಕಿದ್ದೆ. ಅವಳು ಮಾತಾಡುತ್ತಾ ನಾಲ್ಕನ್ನ ಉಲ್ಟಾ ಹೊಲಿದಳು. ಸಿಕ್ಕಿಬಿದ್ದಾಗ ಒದ್ದೆ ಬಟ್ಟೆಯಲ್ಲಿ ಬಾಣ ಒರೆಸಿ, “ಕತ್ತರಿ ಗುರುತೇ ಹಾಕಿರಲಿಲ್ಲ” ಅಂತ ಮಾಲೀಕರಿಗೆ ಹೇಳಿದಳು. ಒರೆಸಿದ್ದನ್ನ ನಾನು ನೋಡಲಿಲ್ಲ. ಆದರೆ ಇನ್ಯಾರು?

ಆಮೇಲೆ ಯಾವ ಅಂಗಡಿಯಲ್ಲೂ ನನ್ನ ಕೈಗೆ ಕತ್ತರಿ ಕೊಡಲಿಲ್ಲ.

ಸಂಜೆ 5

ಸೂಜಿ ಸರೋವರದ ದಡದಲ್ಲೇ ಬಂದು ಕಾಯುತ್ತಿದ್ದಳು. ದಪ್ಪ ಆಗಿದ್ದಾಳೆ. ದಪ್ಪ ಕನ್ನಡಕ. ತಬ್ಬಿಕೊಂಡಳು, ನಾನು ಮರದ ಕೊರಡಿನ ಹಾಗೆ ನಿಂತೆ. ಇವರಿಗೆ ಭಾವ, ಭಾವ ಅಂತ ಉಪಚಾರ. ಅತ್ತೆಗಂತೂ ಅರ್ಧ ಗಂಟೆಯಲ್ಲಿ ಸ್ವಂತ ಮಗಳಿಗಿಂತ ಹೆಚ್ಚಾದಳು. ಎಲ್ಲರೂ ನೀರಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು. ನಾನೂ ನಕ್ಕಿದ್ದೇನೆ. ಹೊಟ್ಟೆ ಉರೀತಿತ್ತು.

ಸ್ವಂತ ಅಂಗಡಿಯಂತೆ, ಆರು ಮೆಷಿನ್. ನನ್ನ ಪಾಲಿನ ಅದೃಷ್ಟ ಎಲ್ಲಾ ಅಲ್ಲಿ ಸಾಲಾಗಿ ಕೂತಿದೆ. ನಾಳೆ ಅವಳ ಕೆಲಸದವರ ಎದುರಿಗೇ ಕೇಳಿಬಿಡುತ್ತೇನೆ.

ಮೇ 12, ಭಾನುವಾರ. ಬೆಳಿಗ್ಗೆ 11

ಕೇಳಲಿಲ್ಲ. ಅದಕ್ಕಿಂತ ಒಳ್ಳೆಯದು ಸಿಕ್ಕಿತು.

ಇವರೆಲ್ಲ ಬೋಟಿಂಗ್‌ಗೆ ಹೋದರು, ಸೂಜಿ ನನ್ನನ್ನ ಅಂಗಡಿಗೆ ಕರೆದುಕೊಂಡು ಬಂದಳು. ಊರಿನ ಹೊಸ ಸಭಾಂಗಣಕ್ಕೆ ಪರದೆ. ಗುರುವಾರ ಉದ್ಘಾಟನೆ. ವೆಲ್ವೆಟ್ಟೇ, ಕಡುಗೆಂಪು. ಕತ್ತರಿಸೋನು ಕೆಲಸ ಬಿಟ್ಟು ಹೋಗಿದ್ದಾನಂತೆ, ಇವಳ ಕಣ್ಣಿಗೆ ಪೊರೆಯಂತೆ. “ನೀನೇ ಕತ್ತರಿಸಿಕೊಡೇ. ನಿನ್ನ ಕೈ ಬೇರೆ ಯಾರಿಗೂ ಇಲ್ಲ” ಅಂದಳು.

ಹದಿನಾರು ತುಂಡು. ಕತ್ತರಿ ಹಿಡಿದಾಗ ಕೈಗೆ ಜೀವ ಬಂತು, ಸುಳ್ಳು ಯಾಕೆ ಹೇಳಲಿ. ಒಂದು ನೂಲು ಆಚೀಚೆ ಆಗಲಿಲ್ಲ. ಹನ್ನೆರಡು ತುಂಡಿಗೆ ಬಾಣ ಸರಿಯಾಗಿ ಹಾಕಿದೆ. ನಾಲ್ಕಕ್ಕೆ ಉಲ್ಟಾ. ಅವಳು ಪಕ್ಕದಲ್ಲೇ ನಿಂತು ನಮ್ಮ ಹಳೇ ಮಾಲೀಕರ ನಡಿಗೆ ಅಣಕಿಸಿ ನಗಿಸುತ್ತಿದ್ದಳು. ನಕ್ಕೆ. ನಗುತ್ತಲೇ ಹಾಕಿದೆ.

ಮುಖಕ್ಕೆ ಮಸಿ ಬಳಿಯೋದು ಅಂದರೆ ಏನು ಅಂತ ಗುರುವಾರ ಗೊತ್ತಾಗುತ್ತೆ ಅವಳಿಗೆ. ಎಷ್ಟು ವರ್ಷದ ಮೇಲೆ ಹೊಟ್ಟೆ ತಣ್ಣಗಾಯ್ತು.

ಮಧ್ಯಾಹ್ನ 3. ಕಾರಿನಲ್ಲಿ, ಅತ್ತೆಯ ತಂಗಿ ಮನೆ ದಾರಿ

ಅಕ್ಷರ ಅಂಕುಡೊಂಕು, ರಸ್ತೆ ಸರಿಯಿಲ್ಲ.

ಊಟಕ್ಕೆ ಕೂತಿದ್ದೆವು, ಅವಳ ಮನೆಯಲ್ಲಿ. ಅನ್ನ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು. ಅತ್ತೆ ಕಡೆ ತಿರುಗಿ, ಇವರ ಎದುರಿಗೇ, “ಅಮ್ಮ, ಆವತ್ತು ಪರದೆ ಕೆಡಿಸಿದ್ದು ನಾನು. ಬಾಣ ಒರೆಸಿದ್ದೂ ನಾನೇ. ಇವಳ ತಪ್ಪು ಒಂದಿಷ್ಟೂ ಇರಲಿಲ್ಲ” ಅಂದಳು. ಫೋನಿನಲ್ಲಿ ಹೇಳೋ ಮಾತಲ್ಲ ಅಂತ ನಾನು ಬರೋದನ್ನೇ ಕಾಯುತ್ತಿದ್ದಳಂತೆ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಎಂಜಲು ಕೈಯಲ್ಲೇ ಕೂತುಬಿಟ್ಟರು.

ನಾನು ಹನ್ನೆರಡು ವರ್ಷ ಕಾದಿದ್ದು ಇದೇ ಮಾತಿಗೆ.

ಅಂಗಡಿ ಎರಡೇ ಹೆಜ್ಜೆ. ತುಂಡುಗಳು ಇನ್ನೂ ಮೇಜಿನ ಮೇಲೇ ಇದ್ದವು. ಒಂದು ಮಾತು ಸಾಕಿತ್ತು. ಹೇಳಲಿಲ್ಲ. ಅವಳು ಅತ್ತು ಹಗುರಾದಳು, ಕಣ್ಣೊರೆಸಿಕೊಂಡು ಮೊಸರು ಬಡಿಸಿದಳು. ಅಷ್ಟಕ್ಕೇ ಮುಗಿಯಿತಾ? ಅನುಭವಿಸಲಿ ಅನ್ನಿಸಿತು. ಕಾರು ಹತ್ತಿದೆ.

ಹಿಂದಿನ ಸೀಟಿನಿಂದ ಅತ್ತೆ ನನ್ನ ಭುಜದ ಮೇಲೆ ಕೈಯಿಟ್ಟರು. “ಇಷ್ಟು ವರ್ಷ ಸುಮ್ಮನೆ ಅಂದೆನಲ್ಲಮ್ಮ ನಿನಗೆ” ಅಂದರು. ನನಗೆ ಯಾಕೋ ತಿರುಗಿ ನೋಡೋಕೆ ಆಗಲಿಲ್ಲ.

ಮೇ 15, ಬುಧವಾರ. ಮಧ್ಯಾಹ್ನ

ಯೂನಿಫಾರ್ಮ್ ಆರು ಮುಗಿದವು. ಒಂದಕ್ಕೆ ತೋಳು ತಿರುಗುಮುರುಗಾಗಿ ಕೂರಿಸಿದೆ, ಬಿಚ್ಚಬೇಕು.

ಮನೆಯಲ್ಲಿ ನನಗೆ ರಾಜೋಪಚಾರ. ಅತ್ತೆ ಪಕ್ಕದ ಮನೆಯವರನ್ನ ಕರೆದು ಕರೆದು ಹೇಳುತ್ತಿದ್ದಾರೆ, ನಮ್ಮ ಸೊಸೆ ಕೈ ಅಪ್ಪಟ ಚಿನ್ನ ಅಂತ. ಇವರು ನಾನು ಕೇಳದೇ ಕಾಫಿ ಮಾಡಿಕೊಟ್ಟರು.

ಈಗ ಹೇಳಿದರೂ ಬಿಚ್ಚಿ ಹೊಲಿಯೋಕೆ ಒಂದು ದಿನ ಇದೆ. ಎರಡು ಸಲ ನಂಬರ್ ಒತ್ತಿ ಕಟ್ ಮಾಡಿದೆ. ಏನು ಅಂತ ಹೇಳೋದು? ಬೇಕಂತಲೇ ಮಾಡಿದೆ ಅಂತಲಾ?

ಹನ್ನೆರಡು ವರ್ಷ, ಒಂದು ದಿನ ಕಮ್ಮಿಯಿಲ್ಲ. ಅನುಭವಿಸಲಿ.

ಮೇ 17, ಶುಕ್ರವಾರ. ಬೆಳಿಗ್ಗೆ 10

ಅವಳೇ ಫೋನ್ ಮಾಡಿದಳು.

ನಿನ್ನೆ ಪರದೆ ಬಿಟ್ಟು ಲೈಟ್ ಹಾಕಿದ ಕೂಡಲೇ ನಾಲ್ಕು ಪಟ್ಟಿ ಎದ್ದು ಕಂಡವಂತೆ. ಸಭೆಯೆಲ್ಲ ಗುಸುಗುಸು. ಸಮಿತಿಯವರು ಸ್ಟೇಜಿನ ಹಿಂದೆ ಕರೆದು ಬಾಯಿಗೆ ಬಂದಂತೆ ಬೈದರಂತೆ. ಕತ್ತರಿಸಿದ್ದು ಯಾರು ಅಂತಲೂ ಕೇಳಿದರಂತೆ.

“ನಿನ್ನ ಹೆಸರು ಬರೋಕೆ ಬಿಡ್ತೀನೇನೇ ಇನ್ನೊಂದು ಸಲ? ತಪ್ಪು ನನ್ನದೇ ಅಂದೆ. ಚಾಕ್ ಗೆರೆ ಕಾಣಿಸ್ತಿರಲಿಲ್ಲ, ಮೇಲೆ ದಪ್ಪಗೆ ತಿದ್ದಿದ್ದೆ. ಆವಾಗ ತಿರುಗಿಸಿಬಿಟ್ಟೆ ಅನ್ಸುತ್ತೆ. ನಿನ್ನ ಬಾಣ ತಪ್ಪೋದುಂಟಾ?”

ಕಣ್ಣು ಹೀಗಿದ್ದ ಮೇಲೆ ಅಂಗಡಿ ಯಾಕೆ ಅಂತ ಮುಚ್ಚುತ್ತಾಳಂತೆ. ಮೆಷಿನ್ ಆರನ್ನೂ ಮಾರಿಬಿಡುತ್ತಾಳಂತೆ. ನಾನು “ಹೌದಾ” ಅಂದೆ. “ಅಯ್ಯೋ” ಅಂದೆ.

10.40

ಆಗಲ್ಲ. ಹೇಳಿಬಿಡಬೇಕು. ಅತ್ತೆ ಇಲ್ಲೇ ಕೂತಿದ್ದಾರೆ, ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ.

ನಂಬರ್ ಒತ್ತಿದೆ. ಕಟ್ ಮಾಡಲಿಲ್ಲ. ಒಂದೇ ರಿಂಗಿಗೆ ಎತ್ತಿದಳು. “ಹೇಳೇ ಕತ್ತರಿ” ಅಂದಳು, ಅತ್ತು ಅತ್ತು ದನಿ ಕಟ್ಟಿತ್ತು.

ಸೂಜಿ, ಆ ನಾಲ್ಕು ತುಂಡು ಇವೆಯಲ್ಲ ಅಂದೆ. ಅದಾದ ಮೇಲೆ ನಿಲ್ಲಿಸಲಿಲ್ಲ, “ಬಾಣ ತಿರುಗಿಸಿದ್ದು ನೀನಲ್ಲ ಕಣೇ, ನಾನೇ ಬೇಕಂತ ಉಲ್ಟಾ ಹಾಕಿದ್ದು” ಅಂದೆ, ಅತ್ತೆಗೂ ಕೇಳೋ ಹಾಗೆ.