ಸತ್ತವರಿಗೆ ಮೊದಲ ನಮಸ್ಕಾರ

ಗ್ರೀನ್‌ಫರ್ಡ್, ಲಂಡನ್
೨೬ ಸೆಪ್ಟೆಂಬರ್ ೧೯೯೮

ಪ್ರೀತಿಯ ಅವ್ವನಿಗೆ ಗುರುದೇವಿ ಮಾಡುವ ನಮಸ್ಕಾರಗಳು.

ನಿನ್ನ ಪತ್ರ ಬಂತು. ನಮ್ಮ ದೊಡ್ಡ ಡಾಕ್ಟರು ಮಧುಸೂದನ್ ಸಾಹೇಬರ ಕಾಲು ಹಿಡಿದಾದರೂ ಕ್ಷಮೆ ಕೇಳು, ನೌಕರಿ ಉಳಿಸಿಕೋ ಎಂದಿದ್ದೀಯ. ಕೇಳುವುದಿಲ್ಲ ಅವ್ವ. ಈ ಆಸ್ಪತ್ರೆಯಲ್ಲಿ ಕೆಲಸ ಕೊಡಿಸಿದ್ದು ಅವರೇ, ಒಪ್ಪುತ್ತೇನೆ. ಅದಕ್ಕೆಂದು ಸುಳ್ಳು ಬರೆದುಕೊಡಲಾರೆ.

ನಡೆದದ್ದಿಷ್ಟು. ಅಪರಾಧ ಮಾಡಿದವರಲ್ಲಿ ಮನಸ್ಸಿನ ಕಾಯಿಲೆಯವರನ್ನು ಕೋರ್ಟು ಜೈಲಿನ ಬದಲು ನಮ್ಮ ಬೀಗದ ವಾರ್ಡಿಗೆ ಕಳಿಸುತ್ತದೆ. ಅವರಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಕೆನಡಾದ ಮೂಲನಿವಾಸಿಗಳು ಕೆಲವರಿದ್ದಾರೆ. ಅವರನ್ನು ವಾರಕ್ಕೊಮ್ಮೆ ದುಂಡಗೆ ಕೂರಿಸಿ ಮಾತಾಡಿಸುವುದು ನನ್ನ ಕೆಲಸ. ವಿರೆಮು ಎಂಬ ನ್ಯೂಜಿಲೆಂಡಿನ ಮಾವೋರಿ ಕುಲದವನು ಮೊದಮೊದಲು ತುಟಿಯನ್ನೇ ಬಿಚ್ಚಲಿಲ್ಲ. ಸತ್ತವರಿಗೆ ನಮಸ್ಕಾರ ಹೇಳದೆ ಅವನ ಜನರ ಸಭೆಯಲ್ಲಿ ಮಾತು ಶುರುವಾಗುವುದಿಲ್ಲವಂತೆ. ಹಾಗಾದರೆ ಹೇಳು ಎಂದೆ. ಎದ್ದು ನಿಂತು ತನ್ನ ಅಪ್ಪನ ಹೆಸರು ಹಿಡಿದು ಕರೆದ. ಆಮೇಲೆ, ತಾನು ಹೊಡೆದು ಕುರುಡು ಮಾಡಿದ ಮನುಷ್ಯನ ಬಗ್ಗೆ ಮೊದಲ ಸಲ ಬಾಯಿಬಿಟ್ಟು ಅತ್ತ. ಅವತ್ತಿನಿಂದ ಎಲ್ಲರೂ ಹಾಗೇ ಶುರು ಮಾಡುತ್ತಾರೆ.

ಒಂದು ದಿನ ಸಾಹೇಬರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಸತ್ತ ಅಪ್ಪನ ಜೊತೆ ಮಾತಾಡುತ್ತಾನೆ, ಭ್ರಮೆ ಹೋಗಿಲ್ಲ, ಗುಳಿಗೆ ಹೆಚ್ಚಿಸಿ, ಗುಂಪು ನಿಲ್ಲಿಸಿ ಎಂದರು. ಅವನಿಗೆ ಹಿಂದೆ ದನಿಗಳು ಕೇಳುತ್ತಿದ್ದದ್ದು ನಿಜ. ಅವು ನಿಂತು ವರ್ಷವಾಯಿತು. ಅವನನ್ನು ಬಿಡಬಹುದೇ ಎಂದು ಸೋಮವಾರ ವಿಚಾರಣೆಯಿದೆ. ಭ್ರಮೆಯೆಂಬ ಸಾಹೇಬರ ವರದಿಗೆ ನಾನೂ ಸಹಿ ಹಾಕಿದರೆ ಅವನು ಇನ್ನೂ ಎಷ್ಟು ವರ್ಷ ಒಳಗಿರಬೇಕೋ. ಹಾಕದಿದ್ದರೆ ನೌಕರಿ ಉಳಿಯುವುದಿಲ್ಲ ಎಂದರು ಸಾಹೇಬರು. ನಾನು ಹಾಕಲಿಲ್ಲ.

ಮಹಾನವಮಿ ಅಮಾವಾಸ್ಯೆಗೆ ಅಪ್ಪನ ಫೋಟೋಕ್ಕೆ ಎಡೆ ಹಿಡಿದು, ‘ಉಣ್ಣ್ರಿ, ಹೋಳಿಗಿ ಆರತಾವ’ ಎಂದು ನೀನು ಹೇಳುವುದಿಲ್ಲವೇ? ನಿನಗೆ ಯಾರು ಗುಳಿಗೆ ಕೊಟ್ಟರು?

ಸಿಟ್ಟಿದೆ ಅವ್ವ, ಹೆದರಿಕೆಯೂ ಇದೆ. ಕೆಲಸ ಹೋದರೆ ವೀಸಾನೂ ಹೋಗುತ್ತದೆ. ಹೋಗಲಿ. ಧಾರವಾಡದಲ್ಲೂ ರೋಗಿಗಳಿದ್ದಾರೆ.

ಬಗ್ಗದ ನಿನ್ನ ಮಗಳು,
ಗುರುದೇವಿ

ತಾ.ಕ.: ಇದನ್ನು ನಿನಗೆ ಹೇಳಬಾರದೆಂದಿದ್ದೆ. ಹೋದ ತಿಂಗಳು ಹೌನ್ಸ್ಲೋದ ಸಾಹೇಬರ ಮನೆಗೆ, ಅವರ ತಾಯಿಯ ತಿಥಿಯ ಊಟಕ್ಕೆ ಹೋಗಿದ್ದೆ. ಪಿಂಡಕ್ಕೆ ಕಾಗೆ ಬರಲಿಲ್ಲ. ನಾವೆಲ್ಲ ಹಸಿದು ಕೂತಿದ್ದೆವು. ಸಾಹೇಬರು ಹಿತ್ತಲಲ್ಲಿ ನಿಂತು ಆಕಾಶಕ್ಕೆ ಕೈಮುಗಿದು, ‘ಬಾಮ್ಮ, ಕೋಪ ಮಾಡ್ಕೋಬೇಡ’ ಎಂದು ಕರೆಯುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು, ನನಗೂ ಬಂತು. ಸೋಮವಾರ ಅವರು ವಿರೆಮುವಿನದು ಭ್ರಮೆ ಎಂದರೆ, ಅವತ್ತು ಹಿತ್ತಲಲ್ಲಿ ಯಾರನ್ನು ಕರೆಯುತ್ತಿದ್ದಿರಿ ಎಂದು ಎಲ್ಲರೆದುರು ಕೇಳುತ್ತೇನೆ. ಬೇಡವೆಂದು ನೀನು ಬರೆಯುವಷ್ಟರಲ್ಲಿ ಕೇಳಿ ಆಗಿರುತ್ತದೆ.