ನಲವತ್ತೊಂದನೇ ಜೋಡಿಯ ಮಂಡಿ ನೋವು

ಮನೆಯಿಂದ,
ಹದಿನೆಂಟನೇ ತಾರೀಖು, ಮಂಗಳವಾರ

ಪ್ರೀತಿಯ ಯಜಮಾನಿಗೆ,

ನಿನ್ನ ಆರೋಗ್ಯ ಹೇಗಿದೆ? ನಿನ್ನ ತಂಗಿಯ ಮುರಿದ ಕಾಲು ಕೂಡಿತೇ? ಹದಿನೈದು ದಿನವೆಂದು ಹೋದವಳು ನಲವತ್ತು ದಾಟಿಸಿದೆ. ಅವಳಿಗಿರುವುದು ಎರಡೇ ಕಾಲು ಎಂದು ನಾನು ನಂಬಿದ್ದೆ. ಫೋನ್ ಮಾಡಿದರೆ ಅವಳು ಪಕ್ಕದಲ್ಲೇ ಕಿವಿ ನಿಮಿರಿಸಿ ಕೂತಿರುತ್ತಾಳೆ, ಅದಕ್ಕೇ ಈ ಕಾಗದ. ನಾನು ಕ್ಷೇಮ. ಹೊಲಿಗೆ ಅಂಗಡಿಯೂ ಕ್ಷೇಮ, ನಿನ್ನೆ ಒಬ್ಬರ ಪ್ಯಾಂಟಿಗೆ ಎರಡೂ ಎಡಗಾಲೇ ಹೊಲಿದೆನೆಂಬುದನ್ನು ಬಿಟ್ಟರೆ.

ಈಗ ರಾಜಕಾರ್ಯ. ನೂರು ಜೋಡಿ ಗಂಡ ಹೆಂಡಿರಿಂದ ದಿನಕ್ಕೊಂದು ಹಾಳೆ ತುಂಬಿಸುವ ಅಂಕಿಅಂಶದ ಮೇಡಂ ನೆನಪಿದ್ದಾರಲ್ಲ? ನಿದ್ದೆ, ಸಿಟ್ಟು, ಮೈಕೈ ನೋವು, ಜೊತೆಗಾರರ ನೆನಪು, ಎಲ್ಲಕ್ಕೂ ಒಂದರಿಂದ ಏಳರೊಳಗೆ ಅಂಕ. ಒಬ್ಬರದ್ದನ್ನು ಇನ್ನೊಬ್ಬರು ನೋಡಕೂಡದು. ಹೊರಡುವ ಗಡಿಬಿಡಿಯಲ್ಲಿ ನೀನು ನಿನ್ನ ಹಾಳೆಗಳ ಕಟ್ಟನ್ನು ಅಡುಗೆಮನೆಯ ಕಿಟಕಿಯಲ್ಲೇ ಬಿಟ್ಟೆ. ಹತ್ತು ದಿನ ಒಬ್ಬರು ಬರೆಯದಿದ್ದರೆ ಜೋಡಿಗೇ ಗೀಟು ಹೊಡೆಯುತ್ತಾರಂತೆ. ಇಪ್ಪತ್ತಾರು ವರ್ಷ ಜಗಳಾಡಿ ಉಳಿಸಿಕೊಂಡ ಜೋಡಿ ಕಣೇ! ಹಾಗಾಗಿ ಮಾನ್ಯ ಯಜಮಾನಿಯವರ ಪರವಾಗಿ ನಾನೇ ತುಂಬುತ್ತಾ ಬಂದೆ.

ಮೊನ್ನೆ ಮೇಡಂ ಅಂಗಡಿಗೇ ಬಂದರು. "ಇಬ್ಬರನ್ನೂ ಕೂಡಿಸಿ ಎರಡರಿಂದ ಭಾಗಿಸಿದ್ರೆ ಸಂಸಾರ ಗೊತ್ತಾಗಲ್ಲ ಸ್ವಾಮಿ. ಅವರ ನಿನ್ನೆಯ ಸಿಟ್ಟು ನಿಮ್ಮ ಇವತ್ತಿನ ನಿದ್ದೆ ಎಷ್ಟು ಕೆಡಿಸ್ತು, ನಿಮ್ಮದು ಅವರದ್ದನ್ನ ಎಷ್ಟು ಕೆಡಿಸ್ತು, ಬೇರೆಬೇರೆ ನೋಡ್ಬೇಕು" ಎಂದರು. ನಾನು ಪಂಡಿತನಂತೆ ತಲೆಯಾಡಿಸಿದೆ. "ಬೇರೆ ಜೋಡಿಗಳೆಲ್ಲ ದಿನಕ್ಕೊಂದು ಕಡೆ ತಾಳ ತಪ್ತಾರೆ. ನಿಮಗೆ ಮಂಡಿ ನೋವು ಬಂದ ದಿನವೇ ಅವರಿಗೂ ಬರುತ್ತೆ, ಐದು ಸಲ! ಏನ್ ಸಮಾಚಾರ?" ನಿನ್ನ ಮಂಡಿ ಕಲ್ಲುಗುಂಡು, ಎಂದೂ ನೋಯದೆಂಬುದು ನೆನಪೇ ಆಗಲಿಲ್ಲ ನೋಡು. ತಪ್ಪೊಪ್ಪಿಕೊಂಡೆ. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ನಿನ್ನ ಹೆಸರಿನಲ್ಲಿ ನಾನು ಬರೆದದ್ದೆಲ್ಲವನ್ನೂ ಹೊಡೆದುಹಾಕಿದರು. "ಖಾಲಿ ಜಾಗಾನ ನಮ್ಮ ಲೆಕ್ಕ ಹೇಗೋ ಸಹಿಸುತ್ತೆ, ಸುಳ್ಳನ್ನ ಸಹಿಸಲ್ಲ. ಬರೋ ಭಾನುವಾರದೊಳಗೆ ಅವರೇ ಬರೆದ ಒಂದು ಹಾಳೆ ಬಂದ್ರೆ ಜೋಡಿ ಉಳಿಯುತ್ತೆ" ಎಂದು ಹೋದರು.

ಖಾಲಿ ಹಾಳೆ ಇದರೊಳಗಿದೆ. ತಂಗಿಗೆ ಆಶೀರ್ವಾದ, ಅವಳ ಕಾಲಿಗೆ ಬೇರೆಯಾಗಿ ಇನ್ನೊಂದು.

ಇಂತಿ,
ನಲವತ್ತೊಂದನೇ ಜೋಡಿಯ ಇಲ್ಲಿರುವ ಅರ್ಧ

ಮರೆತಿದ್ದೆ: ನಮ್ಮ ಹಾಳೆಗಳು ಬೇರೆಯಾಗಿದ್ದದ್ದು ಒಂದೇ ಕಡೆ. 'ಜೊತೆಗಾರರ ನೆನಪು' ಎಂಬಲ್ಲಿ ಮರ್ಯಾದೆಗೆಂದು ನನಗೆ ಎರಡು ಹಾಕಿಕೊಂಡು, ನಿನಗೆ ದಿನವೂ ಏಳು ಹಾಕಿದ್ದೆ. ನನ್ನದನ್ನು ಮೊನ್ನೆ ಏಳೆಂದು ತಿದ್ದಿಸಿದೆ. ನಿನ್ನದು ನನಗೆ ನಿಜಕ್ಕೂ ಗೊತ್ತಿಲ್ಲ. ಎಷ್ಟಿದ್ದರೂ ನೀನೇ ಬರೆ. ನಾನು ನೋಡಕೂಡದೆಂದು ನಿಯಮವಿದೆಯಲ್ಲ, ಅಂಚೆಗೆ ಮಾತ್ರ ಹಾಕಬೇಡ. ಕೈಯಲ್ಲೇ ಹಿಡಿದುಕೊಂಡು ಬಾ.