ಬಾವಿ ಕಾಯುವ ರಾಕ್ಷಸಿ

3 ಜುಲೈ 2011, ಭಾನುವಾರ
ನೈವೇದ್ಯ ಆಯಿತು. ಬೇಳೆ ಸ್ವಲ್ಪ ತಳ ಹಿಡಿಯಿತು; ಕಿವಿ ಹಾಲ್‌ನಲ್ಲಿತ್ತು. ಮೊಮ್ಮಗಳು ನಲಿನಿಯ ದಾಳದ ಆಟ. ಅವಳು ಕಥೆ ಹೇಳುತ್ತಾಳೆ, ಗೆಳೆಯರು ಅದರೊಳಗಿನ ವೀರರಾಗುತ್ತಾರೆ. ದಾಳ ಬಿದ್ದಂತೆ ಗೆಲುವು, ಸೋಲು. ಪುರಾಣ ಹೇಳುವ ಆಚಾರರನ್ನು ಕೇಳುವವರೇ ತಡೆದು ದಾರಿ ಬದಲಿಸಿದ ಹಾಗೆ! ಚೆನ್ನಾಗಿದೆ.

ಆದರೆ ಒಂದು ಎಡವಟ್ಟು. ಮಡಿಯಲ್ಲಿ ಕೊಡ ಎತ್ತುತ್ತಿದ್ದೆ. ಆಟದ ನಡುವೆ ನೀರು ಕುಡಿಯಲು ಬಂದ ನಲಿನಿಯ ಗೆಳತಿ ಸಬೀಹಾ ನೆರವಾಗಲು ಕೈ ಚಾಚಿದಳು. "ಮುಟ್ಟಬ್ಯಾಡ!" ಚೀರಿಬಿಟ್ಟೆ. ಹುಡುಗಿಯ ಮುಖ ಸಣ್ಣದಾಯಿತು. ಪೂಜೆ ಮುಗಿಯುವವರೆಗೆ ನಲಿನಿಗೂ ಹಾಗೇ ಚೀರುತ್ತೇನೆ... ಅವಳಿಗೇನು ಗೊತ್ತು?

10 ಜುಲೈ
ಸಬೀಹಾ ಬರಲಿಲ್ಲ. ಶಾಲೆಯಿಂದಲೂ ನಲಿನಿಯ ಜೊತೆಗಾತಿ.

"ತಾ ಮುಸಲ್ಮಾನರಾಕಿ ಅಂತ ನೀ ಹಂಗ ಚೀರಿದಿ ಅಂತ ತಿಳ್ಕೊಂಡಾಳ, ಅಜ್ಜಿ. ನಾ ಎಷ್ಟು ಹೇಳಿದ್ರೂ ನಂಬವಲ್ಲಳು."

ಅನ್ನ ಸೇರಲಿಲ್ಲ. ಫೋನ್ ಮಾಡೋಣವೆಂದರೆ, ಅವಳ ಕನ್ನಡ ಅಷ್ಟಕ್ಕಷ್ಟೆ; ತರಕಾರಿ ಕೊಳ್ಳುತ್ತ ಕಲಿತ ನನ್ನ ಹಿಂದಿಯಲ್ಲಿ ಮಡಿಯನ್ನು ವಿವರಿಸುವುದು ಹೇಗೆ?

14 ಜುಲೈ, ಮಧ್ಯಾಹ್ನ
ತಂಗಿ ತುಳಸಾಬಾಯಿಗೆ ಪತ್ರ ಅರ್ಧಕ್ಕೇ ಬಿಟ್ಟು ನಲಿನಿಯನ್ನು ಕರೆದೆ.

"ನಿನ್ನ ಆಟಕ್ಕ ಒಂದು ಕಥಿ ಕೊಡ್ಲೇನು?"

"ನೀನಾ!"

"ಕೇಳು. ಕೋಟಿಯೊಳಗ ಬಾವಿ. ಕಾಯಾಕ ಒಬ್ಬಾಕಿ ರಾಕ್ಷಸಿ. ತೊಯ್ದ ಸೀರಿ, ಕೈಯಾಗ ಸೌಟು. ಕತ್ತಿ ತಾಗಂಗಿಲ್ಲ, ಬೆಂಕಿ ಸುಡಂಗಿಲ್ಲ."

"ಮತ್ತ ಸಾಯೂದು ಹೆಂಗ?"

"ಯಾಕ ಸಾಯಬೇಕು? ಬರೇ ಕೈಲೆ ಮುಟ್ಟಿದ್ರ ಮತ್ತ ಜಳಕಕ್ಕ ಓಡ್ತಾಳ. ಬಾವಿ ಖುಲ್ಲಾ."

ನಕ್ಕಳು. ನಗು ನಿಲ್ಲಿಸಿ ನನ್ನನ್ನೇ ನೋಡಿದಳು. "ಹೊಸಾ ಕಥಿ ಅಂದ್ರ ಸಬೀಹಾ ಬಂದಾಳು, ತಡಿ."

17 ಜುಲೈ
ಬಂದಳು. ಅಡುಗೆಮನೆಯತ್ತ ನೋಡಲಿಲ್ಲ. ನಾನು ಬಾಗಿಲ ಹಿಂದೆ.

ಆಟದ ಇನ್ನೊಬ್ಬ ಗೆಳೆಯ ವೈಜನಾಥ ಕತ್ತಿ ಬೀಸಿದ, ಬಾಣ ಬಿಟ್ಟ. ಅವನ ವೀರ ಸತ್ತ. ಉಳಿದವಳು ಸಬೀಹಾ ಒಬ್ಬಳೇ. ಅವಳೂ ಸತ್ತರೆ ಆಟ ಅಲ್ಲಿಗೇ ಮುಗಿಯುತ್ತದೆ, ಹುಡುಗಿ ಅದೇ ಮುಖ ಹೊತ್ತು ಮನೆಗೆ ಹೋಗುತ್ತಾಳೆ. ಮಡಿ ಅಂದರೇನೆಂದು ತಿಳಿಯದವರ ಮುಂದೆ ಇಂಥ ಒಗಟು ಇಟ್ಟೆನಲ್ಲ...

ಆಗ ನಲಿನಿ ಕಥೆಯಲ್ಲಿಲ್ಲದ್ದನ್ನು ಸೇರಿಸಿದಳು. "ಅಷ್ಟ್ರಾಗ ರಾಕ್ಷಸಿ ಮೊಮ್ಮಗಳು ಬಂದ್ಲು. ಆಕಿಗೂ ಚೀರಿದ್ಲು— ಏ, ದೂರ ನಿಲ್ಲು! ಮುಟ್ಟಬ್ಯಾಡ!" ಥೇಟ್ ನನ್ನ ದನಿ, ಕತ್ತೆ.

ಸಬೀಹಾ ಹಿಂದಿಯಲ್ಲಿ ಮೆಲ್ಲಗೆ ಕೇಳಿದಳು, ಸ್ವಂತ ಮೊಮ್ಮಗಳಿಗೂ?

"ದಿನಾ," ಎಂದಳು ನಲಿನಿ.

ಕತ್ತಿ ಕೆಳಗಿಡುತ್ತೇನೆ, ಕೈಯಿಂದ ಮುಟ್ಟುತ್ತೇನೆ ಎಂದಳು ಸಬೀಹಾ. ದಾಳ ಉರುಳಿತು. ರಾಕ್ಷಸಿ ಜಳಕಕ್ಕೆ ಓಡಿದಳು!

"ಲೇ, ಇದಕ್ಕಾ ನಾ ಸತ್ತಿದ್ದು?" ವೈಜನಾಥನ ಗೋಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಸಬೀಹಾ.

ಹೊಟ್ಟೆ ತಣ್ಣಗಾಯಿತು. ಎರಡು ಸಲ ಅನ್ನ ಬಡಿಸಿಕೊಂಡೆ.

24 ಜುಲೈ, ಬೆಳಿಗ್ಗೆ
ನೈವೇದ್ಯ ಬೇಗ ಮುಗಿಸಿದೆ. ಮಡಿ ಸೀರೆ ಬದಲಿಸಿದೆ. ಇವತ್ತಿಗೂ ಕಥೆ ತಯಾರು— ಹಪ್ಪಳ ಒಣಗಿಸುವ ಡ್ರ್ಯಾಗನ್. ನಲಿನಿ ಇನ್ನೂ ಹಾಸಿಗೆ ಬಿಟ್ಟಿಲ್ಲ, ಸಬೀಹಾ ಆಗಲೇ ಹಾಜರ್. ಹೊಸ್ತಿಲಲ್ಲಿ ನಿಂತು, ಒಂದು ಬೆರಳೆತ್ತಿ, ಮುಟ್ಟಲೇ ಎಂದು ಕಣ್ಣಲ್ಲೇ ಕೇಳುತ್ತಿದ್ದಾಳೆ. "ಬಾರವ್ವ" ಅಂದೆ. ಬರೆಯುವ ಕೈಯನ್ನೇ ಹಿಡಿದುಕೊಂಡಳು, ಅಕ್ಷರ ಸೊಟ್ಟ—